ಕೂಲಿಯಾಳಲ್ಲ, ಮಗ

ವೈಟ್‌ಫೀಲ್ಡ್ ಹುಟ್ಟಿದ್ದೇ ಗುರುತಿನ ಪ್ರಶ್ನೆಯಿಂದ. ಬ್ರಿಟಿಷರು ಪೂರ್ತಿ ತಮ್ಮವರೆಂದು ಒಪ್ಪದ, ಇಲ್ಲಿನವರೂ ಹೊರಗಿನವರೆಂದೇ ನೋಡುತ್ತಿದ್ದ ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆ ತಮ್ಮದೆನ್ನುವ ನೆಲ ಬೇಕಿತ್ತು. ಡಿ. ಎಸ್. ವೈಟ್ ಅವರ ಸಂಘಕ್ಕೆ ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರು 1882ರಲ್ಲಿ 3,900 ಎಕರೆ ಕೊಟ್ಟರು. ಸುಮಾರು ನೂರು ವರ್ಷದ ನಂತರ, 1978ರಲ್ಲಿ, ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿತು. ಅದೇ ದಶಕದಲ್ಲಿ ಪೀಣ್ಯದ ಶೆಡ್ಡುಗಳೂ ಎದ್ದವು. ಈಗ ಈ ಮೂರೂ ಕಡೆ ಮನುಷ್ಯನ ಗುರುತು ಟ್ಯಾಗಾಗಿ ಕೊರಳಲ್ಲಿ ನೇತಾಡುತ್ತದೆ. ಮನೆ ಬಾಡಿಗೆಗೆ ಕೊಡುವವರು, ಸಾಲ ಕೊಡುವ ಬ್ಯಾಂಕಿನವರು, ಹೆಣ್ಣು ಕೊಡುವವರು, ಎಲ್ಲರೂ ಮೊದಲು ಕೇಳುವುದು "ಎಲ್ಲಿ ಕೆಲಸ?" ಎಂದೇ.

ಆ ಟ್ಯಾಗು ಒಂದು ದಿನ ವಾಪಸು ಕೊಡಬೇಕಾಗಿ ಬಂದವರು, ಕುಡಿತದಲ್ಲಿ ಮನೆ ಕಳೆದುಕೊಂಡವರು, ಊರಿಗೆ ಮುಖ ತೋರಿಸಲಾರದೆ ಇಲ್ಲೇ ಉಳಿದವರು ಈ ಭಾಗದ ಚರ್ಚುಗಳಲ್ಲಿ, ಅಂಗಡಿ ಮೇಲಿನ ಪ್ರಾರ್ಥನಾ ಹಾಲುಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಕ್ರಿಸ್ತನಲ್ಲಿರುವವನು ಹೊಸ ಸೃಷ್ಟಿ ಎಂದು ಪೌಲ ಕೊರಿಂಥದವರಿಗೆ ಬರೆದ ಮಾತು ಅವರ ಕಿವಿಗೆ ಬೀಳುತ್ತದೆ. ಕ್ರೈಸ್ತ ನಂಬಿಕೆಯಲ್ಲಿ ಇದಕ್ಕಿಂತ ದೊಡ್ಡ ಮಾತು ನನಗೆ ಕಾಣುವುದಿಲ್ಲ. ಆದರೆ ಒಳಗಿನವರೂ ಹೊರಗಿನವರೂ ಇಷ್ಟು ತಪ್ಪಾಗಿ ತಿಳಿದ ಮಾತೂ ಬೇರೆ ಇಲ್ಲ.

ತಪ್ಪು ಕಲ್ಪನೆ: ಮೊದಲು ಸರಿಹೋಗಬೇಕು, ಆಮೇಲೆ ದೇವರು ಒಪ್ಪಿಕೊಳ್ಳುತ್ತಾನೆ

ವಾಸ್ತವ: ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಆ ಕಿರಿಮಗನ ಕಥೆ ಎಲ್ಲರಿಗೂ ಗೊತ್ತು. ಆಸ್ತಿಯ ಪಾಲು ತೆಗೆದುಕೊಂಡು ಹೋಗಿ, ದುಂದುಮಾಡಿ, ಹಂದಿ ಕಾಯುವ ಸ್ಥಿತಿಗೆ ಬಂದವನು. ಮನೆಗೆ ಮರಳುವ ಮುಂಚೆ ಅವನು ಒಂದು ಮಾತು ಸಿದ್ಧಮಾಡಿಕೊಳ್ಳುತ್ತಾನೆ: ಮಗ ಅನ್ನಿಸಿಕೊಳ್ಳುವ ಯೋಗ್ಯತೆ ನನಗಿಲ್ಲ, ಕೂಲಿಯಾಳುಗಳಲ್ಲಿ ಒಬ್ಬನಾಗಿ ಇಟ್ಟುಕೊ. ಸೂಕ್ಷ್ಮವಾಗಿ ಓದಿದರೆ, ತಂದೆಯ ಎದುರು ಅವನು ಆ ಮಾತನ್ನು ಪೂರ್ತಿ ಹೇಳುವುದೇ ಇಲ್ಲ. ಕೂಲಿಯಾಳಿನ ವಿಷಯಕ್ಕೆ ಬರುವ ಮೊದಲೇ ತಂದೆ ಆಳುಗಳನ್ನು ಕರೆದು ನಿಲುವಂಗಿ, ಉಂಗುರ, ಜೋಡು ತರಿಸುತ್ತಾನೆ. ಮಗ ಕೇಳಲು ಬಂದದ್ದು ಕೆಲಸ. ಸಿಕ್ಕಿದ್ದು ಮನೆಯ ಹಕ್ಕು.

ಕೂಲಿಯಾಳಾಗುವ ಆಸೆಯಲ್ಲಿ ವಿನಯ ಮಾತ್ರ ಇದೆ ಎಂದು ನನಗೆ ಅನ್ನಿಸುವುದಿಲ್ಲ. ಅದರಲ್ಲಿ ಒಂದು ಸುರಕ್ಷಿತ ದೂರವೂ ಇದೆ. ದುಡಿದಷ್ಟು ಪಡೆಯುತ್ತೇನೆ, ಯಾರ ಋಣವೂ ಬೇಡ ಎನ್ನುವ ಲೆಕ್ಕ. ಅಪ್ರೈಸಲ್ಲು, ರೇಟಿಂಗು, ಪೀಸ್ ಲೆಕ್ಕದ ಟಾರ್ಗೆಟ್ಟುಗಳ ನಡುವೆ ಬದುಕುವ ನಮಗೆ ಈ ಭಾಷೆ ಎಷ್ಟು ರೂಢಿಯಾಗಿದೆಯೆಂದರೆ ಪ್ರಾರ್ಥನೆಗೂ ಅದನ್ನೇ ಒಯ್ಯುತ್ತೇವೆ. ಇಷ್ಟು ಉಪವಾಸ, ಇಷ್ಟು ದಶಮಾಂಶ, ಇಷ್ಟು ಅಧ್ಯಾಯ ಓದು, ಈಗ ದೇವರು ಮೆಚ್ಚಿರಬಹುದು ಎಂದುಕೊಳ್ಳುತ್ತೇವೆ. ಯೇಸುವಿನ ದೀಕ್ಷಾಸ್ನಾನದ ಪ್ರಸಂಗವನ್ನೇ ನೋಡಿ. ತಂದೆ ಮೆಚ್ಚಿದ ಮಗ ಎಂಬ ವಾಣಿ ಕೇಳಿಸಿದ್ದು ಒಬ್ಬ ರೋಗಿಯನ್ನೂ ಗುಣಪಡಿಸುವ ಮುಂಚೆ, ಒಂದು ಉಪದೇಶವನ್ನೂ ಮಾಡುವ ಮುಂಚೆ. ಗುರುತು ಮೊದಲು, ಕೆಲಸ ಆಮೇಲೆ. ಈ ಕ್ರಮ ತಿರುವುಮುರುವಾದರೆ ಸುವಾರ್ತೆ ಉಳಿಯುವುದಿಲ್ಲ. ಇನ್ನೊಂದು ನೌಕರಿ ಉಳಿಯುತ್ತದೆ.

ಕೆಲಸ ಹೋದ ಮೇಲೆ ಚರ್ಚಿಗೆ ಬರುವುದನ್ನೇ ಬಿಡುವವರಿದ್ದಾರೆ. ಕಾಣಿಕೆ ಹಾಕಲು ಕೈಯಲ್ಲಿ ಏನೂ ಇಲ್ಲ, ಯಾರಾದರೂ ಕೇಳಿದರೆ ಏನು ಹೇಳಲಿ ಎಂಬ ಸಂಕೋಚ. ಗುರುತು ಮೊದಲು ಎಂಬ ಮಾತನ್ನು ಕೇಳಲೇಬೇಕಾದವರು ಅವರೇ.

ತಪ್ಪು ಕಲ್ಪನೆ: ಹೊಸ ಮನುಷ್ಯನಾಗಲು ಹಳೆಯ ಹೆಸರು, ಭಾಷೆ, ನೆಲ ಬಿಡಬೇಕು

ವಾಸ್ತವ: ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಸೌಲ ಪೌಲನಾದದ್ದು. ದಮಸ್ಕದ ದಾರಿಯಲ್ಲಿ ಬೆಳಕು ಕಂಡಿತು, ಹೆಸರು ಬದಲಾಯಿತು ಎಂದು ಬೋಧಕರೂ ಹೇಳುತ್ತಾರೆ. ಅಪೊಸ್ತಲರ ಕೃತ್ಯಗಳಲ್ಲಿ ಹಾಗಿಲ್ಲ. ದಮಸ್ಕದ ಘಟನೆ 9ನೆಯ ಅಧ್ಯಾಯದಲ್ಲಿ. ಅನಂತರವೂ ಅವನು ಸೌಲನೇ. ಹಲವು ವರ್ಷಗಳಾದ ಮೇಲೆ, 13ನೆಯ ಅಧ್ಯಾಯದಲ್ಲಿ, ಸೈಪ್ರಸ್ ದ್ವೀಪದಲ್ಲಿ ರೋಮನ್ ಅಧಿಕಾರಿಯ ಎದುರು ನಿಂತಾಗ, ಪೌಲನೆಂಬ ಹೆಸರೂ ಇದ್ದ ಸೌಲ ಎಂದು ಲೂಕ ಬರೆಯುತ್ತಾನೆ. ಯೆಹೂದ್ಯರ ನಡುವೆ ಒಂದು ಹೆಸರು, ರೋಮನ್ನರ ನಡುವೆ ಇನ್ನೊಂದು. ಯೇಸು ಆ ಹೆಸರನ್ನು ಬದಲಿಸಿದ ಪ್ರಸಂಗವೇ ಇಲ್ಲ.

ಅದೇ ಪುಸ್ತಕದ 15ನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಹಿರಿಯರು ಕೂತು ಚರ್ಚಿಸಿದ್ದೂ ಇದನ್ನೇ: ಅನ್ಯಜನರು ಕ್ರಿಸ್ತನನ್ನು ನಂಬಬೇಕಾದರೆ ಮೊದಲು ಯೆಹೂದ್ಯರಾಗಬೇಕೆ? ಬೇಡ ಎಂದು ತೀರ್ಮಾನವಾಯಿತು. ಗ್ರೀಕನು ಗ್ರೀಕನಾಗಿಯೇ ಒಳಗೆ ಬಂದ. ಹಾಗಿರುವಾಗ ಕನ್ನಡದವರು ಕನ್ನಡದವರಾಗಿ ಒಳಗಿರಲು ಯಾರ ಅಪ್ಪಣೆಯೂ ಬೇಕಿಲ್ಲ.

ನಮ್ಮ ನೆಲದ ಇಬ್ಬರನ್ನು ಇಲ್ಲಿ ನೆನೆಯಬೇಕು. ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಶನ್ನಿನ ಕ್ರೈಸ್ತ ಬೋಧಕರು. ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದವರು ಅವರೇ. ನಾವಿವತ್ತು ಸರ್ವಜ್ಞನನ್ನು ಬಾಯಿಪಾಠ ಹೇಳುವುದರಲ್ಲಿ ಅವರ ಋಣ ದೊಡ್ಡದು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಚನ್ನಪ್ಪ ಎಂಬ ಹೆಸರು ಬಿಡಲಿಲ್ಲ, ಕ್ರಿಸ್ತನನ್ನೂ ಬಿಡಲಿಲ್ಲ. ಒಂದನ್ನು ಹಿಡಿಯಲು ಇನ್ನೊಂದನ್ನು ಬಿಡಬೇಕೆಂದು ಅವರ ಬದುಕು ಎಲ್ಲೂ ಹೇಳುವುದಿಲ್ಲ.

ಇನ್ನೊಬ್ಬರು ಪಂಡಿತಾ ರಮಾಬಾಯಿ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು, ಸಂಸ್ಕೃತದ ಮಹಾ ವಿದುಷಿ. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು. ಜನ ಕರೆಯುವ ಹೆಸರು ಹಾಗೇ ಉಳಿಯಿತು, ಸಸ್ಯಾಹಾರ ಉಳಿಯಿತು, ಸೀರೆ ಉಳಿಯಿತು. ಆಶ್ರಯ ಕೊಟ್ಟ ಇಂಗ್ಲಿಷ್ ಸನ್ಯಾಸಿನಿಯರು ಹೇಳಿದ್ದನ್ನೆಲ್ಲ ತಲೆಬಾಗಿ ಒಪ್ಪಲಿಲ್ಲ. ಪತ್ರ ಬರೆದು ವಾದ ಹೂಡಿದರು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಬರಗಾಲದಲ್ಲಿ ನಿರ್ಗತಿಕರಾದ ಹೆಣ್ಣುಮಕ್ಕಳಿಗಾಗಿ ಕಟ್ಟಿದ ನೆಲೆಗೆ ಅವರು ಇಟ್ಟ ಹೆಸರು ಮುಕ್ತಿ. ಸಮಾಜ ಕೆಟ್ಟವರೆಂದು ತಳ್ಳಿದ ಹೆಂಗಸರಿಗಾಗಿ ಅಲ್ಲೇ ಕೃಪಾ ಸದನ ತೆರೆದರು. ಹೊಸ ಬದುಕು ಕೊಡಲು ಹೊರಟಾಗ ಪರದೇಶದ ಹೆಸರೇ ಬೇಕೆಂದು ಅವರಿಗೆ ಅನ್ನಿಸಲಿಲ್ಲ.

ವೈಟ್‌ಫೀಲ್ಡಿನ ಒಂದು ಫ್ಲ್ಯಾಟಿನಲ್ಲಿ ಬೆಳೆಯುತ್ತಿರುವ ಕನ್ನಡ ಕ್ರೈಸ್ತ ಮಗುವಿಗೆ ಕನ್ನಡದಲ್ಲಿ ಪ್ರಾರ್ಥಿಸಲು ಬಾರದಿದ್ದರೆ ಅದು ನಂಬಿಕೆ ಕೇಳಿದ ಬೆಲೆಯಲ್ಲ. ನಾವೇ ತೆತ್ತದ್ದು.

ತಪ್ಪು ಕಲ್ಪನೆ: ಪುನಃಸ್ಥಾಪನೆ ಎಂದರೆ ಕಳೆದದ್ದೆಲ್ಲ ಎರಡರಷ್ಟಾಗಿ ವಾಪಸು ಬರುವುದು

ವಾಸ್ತವ: ಮಿಡತೆ ತಿಂದ ವರ್ಷಗಳನ್ನು ತುಂಬಿಕೊಡುವ ಯೋವೇಲನ ಮಾತನ್ನು ಸೈಟು, ಕಾರು, ಆನ್‌ಸೈಟ್ ಅವಕಾಶಗಳಿಗೆ ಹೊಂದಿಸಿ ಹೇಳುವ ಪ್ರಸಂಗಗಳಿಗೆ ಈ ಭಾಗದಲ್ಲಿ ಕೊರತೆಯಿಲ್ಲ. ಆ ಮಾತು ಬೆಳೆ ಕಳೆದುಕೊಂಡು ಕೂತ ಒಂದು ಇಡೀ ನಾಡಿಗೆ ಹೇಳಿದ್ದು. ಅದಕ್ಕೂ ಮುಂಚೆ, ಬಟ್ಟೆ ಹರಿದುಕೊಳ್ಳಬೇಡಿ, ಹೃದಯ ಹರಿದುಕೊಳ್ಳಿ ಎಂಬ ಕರೆ ಇದೆ. ಅದನ್ನು ದಾಟಿಕೊಂಡು ನೇರ ವಾಗ್ದಾನಕ್ಕೆ ಹಾರುವುದು ಸರಿಯಲ್ಲ.

ಯೋಬನ ಪುಸ್ತಕವನ್ನೂ ಹೀಗೇ ಓದುತ್ತಾರೆ. 7,000 ಕುರಿ ಇದ್ದವನಿಗೆ ಕೊನೆಯಲ್ಲಿ 14,000 ಆದವು, ನಿಜ. ಮಕ್ಕಳ ಲೆಕ್ಕ ಮಾತ್ರ ಎರಡರಷ್ಟಾಗಲಿಲ್ಲ. ಮೊದಲು ಹತ್ತು, ಆಮೇಲೂ ಹತ್ತು. ಸತ್ತ ಹತ್ತು ಮಕ್ಕಳು ಎದ್ದು ಬರಲಿಲ್ಲ. ಹೊಸದಾಗಿ ಹುಟ್ಟಿದವರು ಹೋದವರ ಜಾಗ ತುಂಬಿದರೆಂದು ಹೇಳಲು ಯಾವ ತಾಯಿಯೂ ಒಪ್ಪಲಾರಳು. ಪೇತ್ರನ ವಿಷಯ ಇನ್ನೂ ಸ್ಪಷ್ಟ. ಮೂರು ಸಾರಿ ಗುರುವನ್ನು ಗೊತ್ತೇ ಇಲ್ಲವೆಂದವನನ್ನು ಕೆಂಡದ ಬೆಂಕಿಯ ಬಳಿ ಮೂರು ಸಾರಿ ಪ್ರೀತಿಯ ಬಗ್ಗೆ ಕೇಳಿ ಯೇಸು ಎತ್ತಿ ನಿಲ್ಲಿಸುತ್ತಾನೆ. ಅದರ ಬೆನ್ನಿಗೇ ಅವನಿಗೆ ತಿಳಿಸುವುದು ಅವನ ಮುಂದಿನ ಮರಣದ ರೀತಿಯನ್ನು. ಕುರಿ ಮೇಯಿಸುವ ಹೊಣೆ ಸಿಕ್ಕಿತು, ಸುಖದ ಭರವಸೆ ಸಿಗಲಿಲ್ಲ. ಸಂಬಂಧ ಮರಳಿ ಬಂತು. ಅದು ಅವನಿಗೆ ಸಾಕಾಯಿತು.

ಕೆಲಸ ಕಳೆದುಕೊಂಡವರಿಗೆ ಕೆಲಸ ಸಿಗಲೆಂದು ಪ್ರಾರ್ಥಿಸಬೇಕು, ಖಂಡಿತ. ಆದರೆ ಸಿಗದಿದ್ದರೆ ನಂಬಿಕೆ ಸಾಲದು, ಬೀಜದ ಕಾಣಿಕೆ ಸಾಲದು ಎಂದು ಹೇಳಿ ಅವರ ಮೇಲೆ ಇನ್ನೊಂದು ಹೊರೆ ಹೊರಿಸುವುದು ಕ್ರೌರ್ಯ.

ತಪ್ಪು ಕಲ್ಪನೆ: ನಿಜವಾದ ಬಿಡುಗಡೆ ಒಂದೇ ರಾತ್ರಿಯಲ್ಲಿ ಆಗುತ್ತದೆ, ಡಾಕ್ಟರು ಬೇಕಿಲ್ಲ

ವಾಸ್ತವ: ಕ್ಷಣದಲ್ಲಿ ತಿರುಗಿದವರಿದ್ದಾರೆ. ತಿರುಗಿದ ಮೇಲೆ ನಡೆಯಬೇಕಾದ ದಾರಿ ಮಾತ್ರ ಉದ್ದ. ಪೌಲನೇ ಗಲಾತ್ಯದವರಿಗೆ ಬರೆದಂತೆ, ದಮಸ್ಕದ ಘಟನೆಯ ನಂತರ ಅವನು ಅರೇಬಿಯಕ್ಕೆ ಹೋಗಿ, ದಮಸ್ಕಕ್ಕೆ ಮರಳಿ, ಮೂರು ವರ್ಷದ ಬಳಿಕವಷ್ಟೇ ಯೆರೂಸಲೇಮಿಗೆ ಕಾಲಿಟ್ಟ. ರಮಾಬಾಯಿಯವರು ತಮ್ಮ ಆತ್ಮಸಾಕ್ಷಿಯ ಬರಹದಲ್ಲಿ, ದೀಕ್ಷಾಸ್ನಾನದಲ್ಲಿ ತಮಗೆ ಕ್ರೈಸ್ತ ಧರ್ಮ ಸಿಕ್ಕಿತೇ ಹೊರತು ಕ್ರಿಸ್ತ ಸಿಕ್ಕಿದ್ದು ಸುಮಾರು ಎಂಟು ವರ್ಷದ ಮೇಲೆ ಎಂಬರ್ಥದಲ್ಲಿ ಒಪ್ಪಿಕೊಂಡಿದ್ದಾರೆ. ಅಷ್ಟು ದೊಡ್ಡವರಿಗೇ ಅಷ್ಟು ಕಾಲ ಬೇಕಾಯಿತು.

ಕುಡಿತದ ವಿಷಯಕ್ಕೆ ಬಂದರೆ ಈ ತಪ್ಪು ಕಲ್ಪನೆ ಪ್ರಾಣಕ್ಕೇ ಅಪಾಯ. ದಿನವೂ ವಿಪರೀತ ಕುಡಿಯುತ್ತಿದ್ದವರು ಪ್ರಾರ್ಥನಾ ಕೂಟದ ರಾತ್ರಿ ಏಕಾಏಕಿ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈನಡುಕ ಹೆಚ್ಚಬಹುದು, ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಿ ಬುದ್ಧಿ ಕಲಕಬಹುದು. ಅದು ದೆವ್ವದ ಕಾಟವಲ್ಲ, ದೇಹದ ಪ್ರತಿಕ್ರಿಯೆ. ಆಗ ಬೇಕಾದದ್ದು ಆಸ್ಪತ್ರೆ. ನಮ್ಮ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ನಂಬಿಕೆ ಮತ್ತು ಚಿಕಿತ್ಸೆ ಜೊತೆಯಾಗಿ ನಡೆಯಬಲ್ಲವೆಂಬುದಕ್ಕೆ 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಾಕ್ಷಿ. ಅದನ್ನು ಶುರುಮಾಡಿದ ಇಬ್ಬರಲ್ಲಿ ಒಬ್ಬರು ಡಾಕ್ಟರು. ಅದರ ಬೇರು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟದಲ್ಲಿತ್ತು. ಇವತ್ತಿನ ಒಂದು ದಿನ ಕುಡಿಯದೆ ಇರುತ್ತೇನೆ ಎನ್ನುವುದು ಅಲ್ಲಿನ ಪಾಠ. ಮತ್ತೆ ಜಾರಿದವನು ಕಪಟಿ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಸಭೆಗಳು ಇದನ್ನು ಕಲಿಯಬೇಕು.

ತಪ್ಪು ಕಲ್ಪನೆ: ಕ್ಷಮೆ ಸಿಕ್ಕಿತೆಂದರೆ ಹಳೆಯ ಲೆಕ್ಕ ಚುಕ್ತಾ

ವಾಸ್ತವ: ದೇವರ ಮುಂದಿನ ಲೆಕ್ಕ ಬೇರೆ, ಮನುಷ್ಯರ ನಡುವಿನ ಲೆಕ್ಕ ಬೇರೆ. ಸುಂಕ ವಸೂಲಿಯಲ್ಲಿ ಜನರನ್ನು ಹಿಂಡಿದ ಜಕ್ಕಾಯನ ಮನೆಗೆ ಯೇಸು ತಾನಾಗಿ ಊಟಕ್ಕೆ ಹೋದ. ಜಕ್ಕಾಯ ಎದ್ದು ನಿಂತು, ಮೋಸದಿಂದ ಕಿತ್ತದ್ದನ್ನು ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಎಂದ. ಊಟಕ್ಕೆ ಮೊದಲು ಯೇಸು ಶರತ್ತು ಹಾಕಲಿಲ್ಲ. ಆದರೆ ಹೊಸಬನಾದವನ ಕೈ ತಾನಾಗಿ ಹಣದ ಚೀಲಕ್ಕೆ ಹೋಯಿತು. ಪಿ.ಎಫ್. ಕಟ್ಟದೆ ಕಾರ್ಮಿಕರ ಹಣ ಉಳಿಸಿಕೊಂಡ ಗುತ್ತಿಗೆದಾರ ಭಾನುವಾರ ಸಾಕ್ಷಿ ಹೇಳಿದರೆ ಸಾಲದು. ಸೋಮವಾರ ಚಲನ್ ಕಟ್ಟಬೇಕು.

ಸಿಸ್ಟರ್ ರಾಣಿ ಮರಿಯಾ ಅವರ ಪ್ರಕರಣ ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಪಾಠ. ಮಧ್ಯಪ್ರದೇಶದಲ್ಲಿ ಬಡ ರೈತರ ಪರ ನಿಂತದ್ದಕ್ಕೆ 1995ರ ಫೆಬ್ರವರಿ 25ರಂದು ಓಡುವ ಬಸ್ಸಿನಲ್ಲೇ ಅವರನ್ನು ಇರಿದು ಕೊಂದರು. ಕೊಂದ ಸಮಂದರ್ ಸಿಂಗ್ ಜೈಲು ಸೇರಿದ. ಅವರ ಸ್ವಂತ ತಂಗಿ ಸಿಸ್ಟರ್ ಸೆಲ್ಮಿ ಪೌಲ್ ಜೈಲಿಗೇ ಹೋಗಿ ಅವನಿಗೆ ರಾಖಿ ಕಟ್ಟಿದರು. ತಾಯಿ ಅವನನ್ನು ಕ್ಷಮಿಸಿದರು. ವರ್ಷಗಟ್ಟಲೆ ಶಿಕ್ಷೆ ಅನುಭವಿಸಿದ ನಂತರ, ಮನೆಯವರೂ ಧರ್ಮಸಭೆಯೂ ಮನವಿ ಮಾಡಿಕೊಂಡ ಮೇಲೆ, 2006ರಲ್ಲಿ ಅವನ ಬಿಡುಗಡೆಯಾಯಿತು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಪುನೀತರೆಂದು ಘೋಷಿಸಲಾಯಿತು. ಕ್ಷಮೆ ಇಲ್ಲಿ ಕಾನೂನನ್ನು ತಡೆಯಲಿಲ್ಲ. ಕಾನೂನು ತನ್ನ ಕೆಲಸ ಮಾಡುತ್ತಿರುವಾಗಲೇ ಕ್ಷಮೆ ತನ್ನ ಕೆಲಸ ಮಾಡಿತು. ಒಡಿಶಾದಲ್ಲಿ 1999ರಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ಗ್ಲಾಡಿಸ್ ಸ್ಟೇನ್ಸ್ ಅವರೂ ಕ್ಷಮಿಸಿದ್ದೇನೆ ಎಂದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ನಡೆದು ಜೀವಾವಧಿ ಶಿಕ್ಷೆ ಉಳಿಯಿತು.

ಎಲೆಕ್ಟ್ರಾನಿಕ್ ಸಿಟಿಯ ಪಕ್ಕದಲ್ಲೇ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹವಿದೆ. ಅದರ ಗೋಡೆಯೊಳಗೂ ಒಬ್ಬ ಮನುಷ್ಯ ದೇವರ ಮಗನಾಗಬಲ್ಲ ಎಂದು ನಂಬುವುದು, ಹಾಗೆಂದು ಅವನ ಶಿಕ್ಷೆ ಸುಳ್ಳೆಂದು ಹೇಳದಿರುವುದು, ಎರಡೂ ಒಟ್ಟಿಗೇ ಕ್ರೈಸ್ತ ನಂಬಿಕೆ.

ಹಾಗೆಯೇ, ಹೊಡೆಯುತ್ತಿದ್ದ ಗಂಡ "ನಾನೀಗ ರಕ್ಷಣೆ ಹೊಂದಿದೆ" ಎಂದ ಕೂಡಲೇ ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಮರಳಬೇಕೆಂದು ಹೇಳುವ ಹಕ್ಕು ಯಾವ ಪಾಸ್ಟರಿಗೂ ಇಲ್ಲ. ಅವನ ಮಾನಸಾಂತರವನ್ನು ಕಾಲ ಪರೀಕ್ಷಿಸಲಿ, ಆಕೆ ಅಲ್ಲಿಯವರೆಗೆ ಸುರಕ್ಷಿತವಾಗಿರಲಿ. ಮಕ್ಕಳ ಮೇಲೆ ಕೈಮಾಡಿದ ಬೋಧಕನ ವಿಷಯದಲ್ಲಂತೂ ಅನುಮಾನವೇ ಬೇಡ. ಅವನಿಗೆ ಕ್ಷಮೆ ದೊರೆಯಬಹುದು. ಪೀಠವೂ ಭಾನುವಾರ ಶಾಲೆಯ ಕೀಲಿಕೈಯೂ ಮತ್ತೆ ದೊರೆಯಕೂಡದು.

ತಪ್ಪು ಕಲ್ಪನೆ: ಕಥೋಲಿಕರ ಪಾಪನಿವೇದನೆ ತಪ್ಪುಮಾಡಲು ಸುಲಭದ ರಹದಾರಿ

ವಾಸ್ತವ: ಗುರುಗಳ ಕಿವಿಯಲ್ಲಿ ಹೇಳಿದರೆ ಮುಗಿಯಿತು ಎನ್ನುವುದು ಧರ್ಮಸಭೆಯ ಬೋಧನೆಯಲ್ಲ. ಮನಸಾರೆ ದುಃಖಪಡಬೇಕು, ಮತ್ತೆ ಮಾಡೆನೆಂಬ ನಿರ್ಧಾರ ಬೇಕು, ಕದ್ದದ್ದಿದ್ದರೆ ಹಿಂತಿರುಗಿಸಬೇಕು, ಕೊಟ್ಟ ಪ್ರಾಯಶ್ಚಿತ್ತ ಮಾಡಬೇಕು. ಗುರುಗಳು ಕೇಳಿದ್ದನ್ನು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ.

ತಪ್ಪು ಕಲ್ಪನೆ: ಹೊಸ ಗುರುತಿನ ಮಾತೆಲ್ಲ ಮತಾಂತರದ ಬಲೆ

ವಾಸ್ತವ: ಬೈಬಲಿನ ಪುನಃಸ್ಥಾಪನೆಯ ಪ್ರಸಂಗಗಳನ್ನು ಒಂದೊಂದಾಗಿ ನೋಡಿ. ಕಿರಿಮಗ ಆ ಮನೆಯವನೇ. ಪೇತ್ರ ಮೊದಲಿಂದಲೂ ಶಿಷ್ಯ. ಯೋವೇಲ ಮಾತಾಡಿದ್ದು ದೇವರನ್ನು ಬಲ್ಲ ಜನರಿಗೇ. ಈ ಮಾತಿಗೆ ಮೊದಲ ಕಿವಿ ಒಳಗಿನವರದು, ದಾರಿತಪ್ಪಿದ ಕ್ರೈಸ್ತರದು. ಹೊರಗಿನ ಒಬ್ಬರು ಮನಸ್ಸೊಪ್ಪಿ ಕೇಳಿದರೆ ಅದು ಸಂವಿಧಾನದ 25ನೆಯ ವಿಧಿ ಕಾಪಾಡುವ ಸ್ವಾತಂತ್ರ್ಯ. ಆದರೆ ಅಕ್ಕಿಮೂಟೆ ತೋರಿಸಿ, ಹೆದರಿಸಿ ಒಬ್ಬರನ್ನು ಹೊಸಬರನ್ನಾಗಿ ಮಾಡಲಾಗದು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ನಂಬಿಕೆಯಲ್ಲಿ ಬಲವಂತ ಸಲ್ಲದೆಂದು ಸ್ಪಷ್ಟವಾಗಿ ಘೋಷಿಸಿದೆ.

ಇದಕ್ಕೇ ಅಂಟಿಕೊಂಡ ಇನ್ನೊಂದು ನಂಬಿಕೆ ದೀಕ್ಷಾಸ್ನಾನದ ನೀರಿನಲ್ಲಿ ಜಾತಿ ಕರಗಿಹೋಗುತ್ತದೆ ಎಂಬುದು. ಕ್ರಿಸ್ತನಲ್ಲಿ ಯೆಹೂದ್ಯ, ಗ್ರೀಕ, ದಾಸ, ಸ್ವತಂತ್ರ ಎಂಬ ಭೇದವಿಲ್ಲ ಎಂದು ಪೌಲ ಬರೆದದ್ದು ನಿಜ. ಬೋಧನೆ ಅದು. ನಡವಳಿಕೆ ನೋಡಬೇಕಾದರೆ ಕ್ರೈಸ್ತ ವಧೂವರರ ಜಾಹೀರಾತು ಓದಿ. ಕಾನೂನಿನ ದಾರಿಯೂ ನೇರವಾಗಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿದರು. ದಲಿತ ಕ್ರೈಸ್ತರಿಗೆ ಇಲ್ಲ. ಕರ್ನಾಟಕದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಬರುತ್ತಾರೆ. ಊರು ಹಳೆಯ ಜಾತಿಯಿಂದ ಕರೆಯುತ್ತದೆ, ದಾಖಲೆ ಬೇರೆ ಹೇಳುತ್ತದೆ, ಕೆಲವೊಮ್ಮೆ ಸಭೆಯ ಪಕ್ಕದ ಬೆಂಚೂ ದೂರ ಸರಿಯುತ್ತದೆ. ಇಷ್ಟನ್ನು ಹೊತ್ತುಕೊಂಡೇ ದೇವರ ಮಗನಾಗಿ, ಮಗಳಾಗಿ ತಲೆಯೆತ್ತಿ ನಡೆಯುವವರ ನಂಬಿಕೆ ನನ್ನಂಥವರ ನಂಬಿಕೆಗಿಂತ ಗಟ್ಟಿ.

ತಪ್ಪು ಕಲ್ಪನೆ: ಇದು ನನಗೂ ದೇವರಿಗೂ ನಡುವಿನ ವಿಷಯ, ಇನ್ನೊಬ್ಬರಿಗೆ ಸಂಬಂಧವಿಲ್ಲ

ವಾಸ್ತವ: ಸೌಲನಿಗೆ ಬೆಳಕು ಕಂಡದ್ದು ಒಂಟಿಯಾಗಿ ಇರಬಹುದು. ಅವನ ಮೇಲೆ ಕೈಯಿಟ್ಟು "ಸಹೋದರ" ಎಂದು ಮೊದಲು ಕರೆದವನು ದಮಸ್ಕದ ಅನನೀಯ, ಅದೂ ಹೆದರಿಕೊಂಡೇ. ಯೆರೂಸಲೇಮಿನಲ್ಲಿ ಎಲ್ಲರೂ ಅವನನ್ನು ಅನುಮಾನಿಸಿದಾಗ ಬಾರ್ನಬ ಜಾಮೀನು ನಿಂತ. ಮುಂದೆ ತಾರ್ಸಕ್ಕೆ ಹುಡುಕಿಕೊಂಡು ಹೋಗಿ ಅಂತಿಯೋಕ್ಯಕ್ಕೆ ಕರೆತಂದ. ಓಡಿಹೋಗಿದ್ದ ದಾಸ ಒನೇಸಿಮನನ್ನು ಯಜಮಾನ ಫಿಲೆಮೋನನ ಬಳಿ ಕಳಿಸುವಾಗ ಪೌಲ, ಇವನನ್ನು ಸಹೋದರನಾಗಿ ಸ್ವೀಕರಿಸು, ಇವನ ಸಾಲವಿದ್ದರೆ ನನ್ನ ಲೆಕ್ಕಕ್ಕೆ ಬರೆ ಎಂದು ತನ್ನ ಕೈಯಾರೆ ಬರೆದುಕೊಟ್ಟ. ಒಬ್ಬನ ಹೊಸ ಗುರುತಿಗೆ ಇನ್ನೊಬ್ಬ ಬೆಲೆ ತೆತ್ತ.

ಹೊಟ್ಟೆಪಾಡು ಕೂಡ ಇದರಲ್ಲಿ ಸೇರಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ನೇಯ್ಗೆ, 1865ರಿಂದ ಹೆಂಚಿನ ಕಾರ್ಖಾನೆ ನಡೆಸಿದ್ದರ ಹಿಂದೆ, ಮನೆ ಜಮೀನಿನಿಂದ ಹೊರಬಿದ್ದ ವಿಶ್ವಾಸಿಗಳ ಅನ್ನದ ಪ್ರಶ್ನೆಯಿತ್ತು. ಅದರಿಂದ ಮಿಶನ್ನಿನ ಮೇಲೆ ಅವಲಂಬನೆ ಬೆಳೆಯಿತು ಎಂಬ ಟೀಕೆಯಲ್ಲಿ ಹುರುಳಿದೆ. ಆದರೂ ಉಪದೇಶ ಮಾಡಿ ಬರಿಗೈಯಲ್ಲಿ ಕಳಿಸಲಿಲ್ಲ.

ಕಿರಿಮಗನ ಕಥೆಯಲ್ಲಿನ ಹಿರಿಯ ಮಗ ಹೊಲದಿಂದ ಬಂದು ಬಾಗಿಲ ಹೊರಗೇ ನಿಂತ. ತಮ್ಮ ಎನ್ನದೆ "ನಿನ್ನ ಈ ಮಗ" ಎಂದು ತಂದೆಗೆ ಹೇಳಿದ. ಒಳಗೆ ಬಂದನೋ ಇಲ್ಲವೋ ಲೂಕ ಬರೆಯುವುದಿಲ್ಲ. ನಮ್ಮ ಸಭೆಗಳಲ್ಲಿ ಮರಳಿ ಬಂದವರ ಕಷ್ಟ ಹೆಚ್ಚಿನಂಶ ಈ ಅಣ್ಣನಿಂದಲೇ. ಡೀ-ಅಡಿಕ್ಷನ್ ಕೇಂದ್ರದಿಂದ ಬಂದವನನ್ನು ಬಂದ ಭಾನುವಾರವೇ ವೇದಿಕೆಗೆ ಹತ್ತಿಸಿ ಸಾಕ್ಷಿ ಹೇಳಿಸಬೇಡಿ. ಸಂಬಳದ ದಿನ ಸಂಜೆ, ಬಾರಿನ ದಾರಿಯಲ್ಲಿ ಒಂಟಿಯಾಗಿ ಹೋಗದಂತೆ ಯಾರಾದರೂ ಫ್ಯಾಕ್ಟರಿ ಗೇಟಿನಲ್ಲಿ ಕಾದಿರಿ. ವಿಚ್ಛೇದನವಾದ ಹೆಣ್ಣುಮಗಳನ್ನು ಮಹಿಳಾ ಕೂಟದಲ್ಲಿ ಕಾರಣ ಕೇಳಬೇಡಿ. ಮೂರು ವಾರ ಬಾರದವರ ಬಾಡಿಗೆ ಮನೆಗೆ ಹೋಗಿ, ಕಾಣಿಕೆಯ ಮಾತೆತ್ತದೆ, ಅಡುಗೆಮನೆಯಲ್ಲಿ ಅಕ್ಕಿ ಇದೆಯೇ ಎಂದು ನೋಡಿ. ಸಭೆಯಿಂದ ಶಿಕ್ಷೆಗೊಳಗಾದ ಒಬ್ಬನ ವಿಷಯದಲ್ಲಿ ಪೌಲ ಕೊರಿಂಥದವರಿಗೆ ಬರೆದದ್ದು, ಆದ ಶಿಕ್ಷೆ ಸಾಕು, ಈಗ ಕ್ಷಮಿಸಿ ಸಂತೈಸಿ, ಇಲ್ಲವಾದರೆ ಅವನು ದುಃಖದಲ್ಲಿ ಮುಳುಗಿಹೋದಾನು ಎಂದು. ಆ ಪತ್ರ ಹೋದದ್ದು ತಪ್ಪು ಮಾಡಿದವನಿಗಲ್ಲ, ಸಭೆಗೆ.